ಅಪ್‌ಡೇಟ್: ತೆರೆಯದ ಜಿಪ್ ಬ್ಯಾಕಪ್‌ನಿಂದ ಫೈಲುಗಳು ಸಿಕ್ಕವು

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಫೋಟೋ, ಲೆಕ್ಕಪತ್ರಗಳಿದ್ದ ಜಿಪ್ ಬ್ಯಾಕಪ್ ಪೆನ್‌ಡ್ರೈವ್‌ನಿಂದ ತೆರೆಯುತ್ತಿಲ್ಲ ಅಂತ ಕೇಳಿದ್ದೆನಲ್ಲ, ಬಹುಪಾಲು ವಾಪಸ್ ಬಂತು. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.

ಫೋಟೋರೆಕ್ ಎಂಬ ಸಾಫ್ಟ್‌ವೇರ್‌ನಿಂದ ಉಪಯೋಗವಾಗಲಿಲ್ಲ. ಅದು ಡಿಸ್ಕ್‌ನಲ್ಲಿ ಅಳಿಸಿಹೋದ ಫೈಲುಗಳನ್ನು ಹುಡುಕುತ್ತದೆ, ಜಿಪ್‌ನೊಳಗೆ ಕಂಪ್ರೆಸ್ ಆಗಿರುವುದು ಅದಕ್ಕೆ ಕಾಣುವುದಿಲ್ಲ. ಕೆಲಸ ಮಾಡಿದ್ದು ಲಿನಕ್ಸ್‌ನ ಜಿಪ್ ಕಮಾಂಡ್. ಮೊದಲು ಹಾಳಾದ ಫೈಲನ್ನು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಆ ಕಮಾಂಡ್‌ಗೆ ರಿಪೇರಿಯ ಆಪ್ಷನ್ ಆದ ಕ್ಯಾಪಿಟಲ್ ಎಫ್ (-F) ಒಂದೇ ಕೊಟ್ಟರೆ ಸಾಲದು, ಅದು ಜಿಪ್‌ನ ಕೊನೆಯಲ್ಲಿರುವ ಸೂಚಿಯನ್ನೇ, ಅಂದರೆ ಒಳಗಿನ ಫೈಲುಗಳ ಪಟ್ಟಿಯನ್ನೇ, ನಂಬಿಕೊಂಡಿರುತ್ತದೆ. ಎರಡು ಎಫ್ (-FF) ಕೊಟ್ಟರೆ ಜಿಪ್ಪನ್ನು ಮೊದಲಿನಿಂದ ಜಾಲಾಡಿ, ಒಳಗಿನ ಪ್ರತಿ ಫೈಲಿನ ಹೆಡರ್ (ಅದರ ಹೆಸರು, ವಿವರ ಇರುವ ಮೊದಲ ಭಾಗ) ಹಿಡಿದು ಹೊಸ ಜಿಪ್ ಕಟ್ಟುತ್ತದೆ. ಔಟ್ ಆಪ್ಷನ್‌ನಲ್ಲಿ (--out) ಹೊಸ ಜಿಪ್‌ಗೆ ಬೇರೆ ಹೆಸರು ಕೊಡಲೇಬೇಕು. ನಡುವೆ ಸಿಂಗಲ್ ಡಿಸ್ಕ್ ಆರ್ಕೈವಾ (ಜಿಪ್ ಭಾಗಗಳಾಗಿರದೆ ಒಂದೇ ಫೈಲಾ) ಎಂದು ಕೇಳುತ್ತದೆ, ವೈ ಒತ್ತಿ. ಆಮೇಲೆ ಅನ್‌ಜಿಪ್‌ನ ಟೆಸ್ಟ್ ಆಪ್ಷನ್ ಓಡಿಸಿ ನೋಡಿ. ಹೆಸರು, ಫೋಲ್ಡರ್ ಎಲ್ಲ ಹಾಗೇ ಉಳಿದಿವೆ.

ಆಶ್ಚರ್ಯವೆಂದರೆ ಪೆನ್‌ಡ್ರೈವ್ ಕೆಟ್ಟೇ ಇರಲಿಲ್ಲ! ಫೈಲಿನ ಗಾತ್ರ ಸರಿಯಾಗಿ 4,29,49,67,295 ಬೈಟ್, ಅಂದರೆ ಪೆನ್‌ಡ್ರೈವ್‌ನಲ್ಲಿದ್ದ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ ಒಂದು ಫೈಲಿಗಿರುವ ಗರಿಷ್ಠ ಮಿತಿ. ಅಲ್ಲಿಗೆ ಬರೆಯುವುದು ನಿಂತು ಬಾಲ ಕತ್ತರಿಸಿಹೋಗಿತ್ತು, ಸೂಚಿಯೂ ಅದರಲ್ಲೇ ಹೋಯಿತು. ಮಿತಿಯಾಚೆಗಿದ್ದ ಫೋಟೋಗಳು ಯಾವ ಉಪಾಯಕ್ಕೂ ಸಿಗುವುದಿಲ್ಲ. ನಿಮ್ಮ ಫೈಲೂ ಇದೇ ಗಾತ್ರದ್ದಾಗಿದ್ದರೆ ಕಾರಣ ಬೇರೆ ಹುಡುಕಬೇಡಿ. ಪೆನ್‌ಡ್ರೈವನ್ನು ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಆದರೆ ಹಳೆಯದನ್ನೆಲ್ಲ ಹೊರತೆಗೆದ ಮೇಲೆ ಮಾತ್ರ.