‘ಬಿಲ್ಡ್’ಗೆ ಕಟ್ಟಣೆ, ‘ಟೆಸ್ಟ್’ಗೆ ತಪಾಸಣೆ: ಒಪ್ಪಬಹುದೇ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ಹೆಚ್ಚು. ಅವರಿಗಾಗಿ ಕನ್ನಡದಲ್ಲಿ ಲ್ಯಾಬ್ ಕೈಪಿಡಿ ಬರೆಯುತ್ತಿದ್ದೇನೆ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಬಿಲ್ಡ್ (ಬರೆದ ಕೋಡನ್ನು ನಡೆಯುವ ಪ್ರೋಗ್ರಾಮ್ ಆಗಿಸುವುದು) ಮತ್ತು ಟೆಸ್ಟ್ (ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವುದು) ಕೆಲಸಗಳನ್ನು ಹೊಂದಿಸುವ ಅಧ್ಯಾಯದಲ್ಲಿ ಎರಡು ಪದಗಳು ಇನ್ನೂ ಇತ್ಯರ್ಥವಾಗಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಈ ಕ್ಷೇತ್ರದವರಲ್ಲದವರಿಗಾಗಿ ಸಂದರ್ಭ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಫೋಲ್ಡರ್‌ನೊಳಗೆ ‘ಟಾಸ್ಕ್ಸ್.ಜೇಸನ್’ ಎಂಬ ಕಡತ ಇಡುತ್ತೇವೆ. ಕಂಪೈಲ್ ಮಾಡುವ, ಅಂದರೆ ಕೋಡನ್ನು ಗಣಕದ ಭಾಷೆಗೆ ತಿರುಗಿಸುವ, ಉದ್ದನೆಯ ಆಜ್ಞೆಯನ್ನು ದಿನವೂ ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಬದಲು ಅದನ್ನು ಈ ಕಡತದಲ್ಲಿ ಒಮ್ಮೆ ಬರೆದು, ಅದಕ್ಕೊಂದು ಹೆಸರು ಕೊಟ್ಟು, ಬಿಲ್ಡ್ ಗುಂಪಿಗೆ ಸೇರಿಸಿ, ‘ಡಿಫಾಲ್ಟ್ ಇದೇ’ ಎಂದು ಗುರುತು ಹಾಕಿದರೆ ಆಯಿತು. ಆಮೇಲೆ ಕಂಟ್ರೋಲ್, ಶಿಫ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕೆಲಸ ತಾನೇ ಶುರುವಾಗುತ್ತದೆ. ಟೆಸ್ಟ್ ಗುಂಪಿನದನ್ನು ಮೆನುವಿನಿಂದ ಆರಿಸಿ ಚಾಲೂ ಮಾಡಬೇಕು.

‘ಟಾಸ್ಕ್’ಗೆ ‘ಕೆಲಸ’ ಸಾಕೆಂದು ತೀರ್ಮಾನಿಸಿದ್ದೇನೆ. ‘ಕಾಮಗಾರಿ’ ಅಂದರೆ ನಮ್ಮ ಕಡೆ ಕಾಲುವೆ, ರಸ್ತೆ, ಗುತ್ತಿಗೆದಾರರು ನೆನಪಾಗುತ್ತಾರೆ. ‘ವರ್ಕ್‌ಸ್ಪೇಸ್’ (ತಂತ್ರಾಂಶದಲ್ಲಿ ತೆರೆದಿಟ್ಟ ಪ್ರಾಜೆಕ್ಟ್ ಫೋಲ್ಡರ್) ಹಾಗೇ ಇರಲಿ, ಪರದೆಯ ಮೇಲೆ ಅದೇ ಕಾಣುತ್ತದೆ.

ತೊಡಕಿರುವುದು ‘ಬಿಲ್ಡ್’ನಲ್ಲಿ. ಲ್ಯಾಬಿನಲ್ಲಿ ಹುಡುಗರು “ಬಿಲ್ಡ್ ಆಗವಲ್ದ್ರಿ ಸರ್” ಅನ್ನುತ್ತಾರೆ. ಅಲ್ಲಿ ಅದು ಕ್ರಿಯೆ. “ನಿನ್ನೆ ಬಿಲ್ಡ್ ಕಳ್ಸೀನಿ” ಅಂದಾಗ ಅದೇ ಪದ ತಯಾರಾದ ವಸ್ತು. ‘ನಿರ್ಮಾಣ’ ಮೊದಲನೆಯದಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ‘ನಿರ್ಮಿತಿ’ ಅನ್ನಬೇಕಾಗುತ್ತದೆ. ಆದರೆ ‘ಕಟ್ಟು’ ಎಂಬ ನಮ್ಮ ಧಾತುವನ್ನು ಬಿಡಲು ನನಗೆ ಮನಸ್ಸಿಲ್ಲ. 1894ರ ಕಿಟೆಲ್ ನಿಘಂಟಿನಲ್ಲೂ ಅದಕ್ಕೆ ಬಿಗಿಯುವುದು, ನಿರ್ಮಿಸುವುದು ಎರಡೂ ಅರ್ಥಗಳಿವೆ. ಸಿ ಭಾಷೆಯ ಪ್ರೋಗ್ರಾಮ್ ಬಿಲ್ಡ್ ಮಾಡುವಾಗ ನಡೆಯುವುದೂ ಎರಡೇ: ಕಂಪೈಲರ್ ಒಂದೊಂದು ಕಡತವನ್ನೂ ಬೇರೆಬೇರೆಯಾಗಿ ಸಿದ್ಧಮಾಡುತ್ತದೆ, ಲಿಂಕರ್ ಅವನ್ನೆಲ್ಲ ಸೇರಿಸಿ ಬಿಗಿಯುತ್ತದೆ. ಎರಡನ್ನೂ ಒಂದೇ ಧಾತು ಹಿಡಿದುಕೊಳ್ಳುವಾಗ ಬೇರೆ ಪದ ಯಾಕೆ ಹುಡುಕಬೇಕು?

ನಾಮಪದಕ್ಕೆ ‘ಕಟ್ಟಡ’ ಆಗದು. ‘ಕಟ್ಟೋಣ’ ಒಳ್ಳೆಯ ಹಳೆಯ ಪದ, ಆದರೆ “ಬನ್ನಿ, ಕಟ್ಟೋಣ” ಅಂತ ಕರೆದ ಹಾಗೂ ಕೇಳಿಸುತ್ತದೆ. ಉಳಿದದ್ದು ‘ಕಟ್ಟಣೆ’. ಅದರ ಬಗ್ಗೆ ನನಗಿರುವ ಅಳುಕು ಒಂದೇ: ಆ ಪದಕ್ಕೆ ನಿಯಮ, ಏರ್ಪಾಡು ಎಂಬ ಅರ್ಥವೂ ಇದೆ, ಪಕ್ಕದಲ್ಲೇ ‘ಕಟ್ಟಳೆ’ ಕೂತಿದೆ. “ಕಟ್ಟಣೆ ಮುರಿಯಿತು” ಎಂದು ಬರೆದರೆ ಯಾರೋ ನೇಮ ತಪ್ಪಿದರು ಅನ್ನಿಸೀತೇ? “ಕಟ್ಟಣೆ ಆಗಲಿಲ್ಲ” ಅಂದರೆ ಈ ಗೊಂದಲ ಇರದೇನೋ.

ಇನ್ನು ‘ಟೆಸ್ಟ್’. ‘ಪರೀಕ್ಷೆ’ ಅಂದ ಕೂಡಲೇ ವಿದ್ಯಾರ್ಥಿಗಳಿಗೆ ಹಾಲ್ ಟಿಕೆಟ್ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ವ್ಯಾಕರಣದ್ದು. ಕನ್ನಡದಲ್ಲಿ ಪರೀಕ್ಷೆ ಫೇಲಾಗುವುದಿಲ್ಲ, ಪರೀಕ್ಷೆಯಲ್ಲಿ ಹುಡುಗ ಫೇಲಾಗುತ್ತಾನೆ. ಹಾಗೆಯೇ ಇಲ್ಲಿ ಫೇಲಾಗುವುದು ನಾವು ಬರೆದ ಕೋಡ್. “ಪರೀಕ್ಷೆ ವಿಫಲವಾಯಿತು” ಎಂಬ ವಾಕ್ಯ ಓದಿದವರು ಪರೀಕ್ಷೆ ನಡೆಸಿದ ರೀತಿಯೇ ಸರಿಯಿರಲಿಲ್ಲ ಅಂದುಕೊಳ್ಳುತ್ತಾರೆ. ‘ತಪಾಸಣೆ’ ನಮ್ಮ ಭಾಗದಲ್ಲಿ ದಿನಬಳಕೆಯ ಮಾತು, ಆರೋಗ್ಯ ತಪಾಸಣೆ, ವಾಹನ ತಪಾಸಣೆ ಯಾರಿಗೂ ಹೊಸತಲ್ಲ. “ತಪಾಸಣೆಯಲ್ಲಿ ತಪ್ಪು ಸಿಕ್ಕಿತು” ಅಂದರೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಕೆಲಸ ಇನ್ನೊಂದನ್ನು ನೆಚ್ಚಿಕೊಂಡಿರುವುದನ್ನು ವಿವರಿಸಲು ನಮ್ಮೂರಿನ ಜೀನ್ಸ್ ಘಟಕಗಳನ್ನೇ ಎತ್ತಿಕೊಂಡಿದ್ದೇನೆ: ಕಟಿಂಗ್, ಹೊಲಿಗೆ, ವಾಷಿಂಗ್, ಕೊನೆಗೆ ಚೆಕಿಂಗ್. ಹೊಲಿಗೆ ಮುಗಿಯದೆ ಪ್ಯಾಂಟು ವಾಷಿಂಗ್‌ಗೆ ಹೋಗುವುದಿಲ್ಲ. ತಪಾಸಣೆ ಕಟ್ಟಣೆಯನ್ನು ನೆಚ್ಚಿಕೊಂಡಿದೆ ಎಂದು ಕಡತದಲ್ಲಿ ಬರೆದರೆ, ಕಟ್ಟಣೆ ಮುಗಿಯುವ ತನಕ ತಪಾಸಣೆ ಕಾಯುತ್ತದೆ. ಅದೇ, ಒಂದು ಕೆಲಸ ಹಲವು ಕೆಲಸಗಳನ್ನು ನೆಚ್ಚಿದ್ದರೆ ಆ ಹಲವೂ ಏಕಕಾಲಕ್ಕೆ ಶುರುವಾಗುತ್ತವೆ. ಒಂದಾದ ಮೇಲೆ ಒಂದು ಬೇಕಿದ್ದರೆ ಹಾಗೆಂದು ಪ್ರತ್ಯೇಕವಾಗಿ ಬರೆಯಬೇಕು. ಇದಕ್ಕೆ ‘ಅವಲಂಬನೆ’ ಇದ್ದೇ ಇದೆ, ಆದರೂ ‘ನೆಚ್ಚು’ ನನಗೆ ಹೆಚ್ಚು ಹಿಡಿಸಿತು.

ಕೊನೆಯ ಅಕ್ಷರದ ವಿಚಾರವೂ ಇದೆ, ಇದನ್ನು ದಯವಿಟ್ಟು ಗಮನಿಸಿ. ಕಡತದೊಳಗಿನ ಕೀಲಿಪದಗಳು ಇಂಗ್ಲಿಷಿನಲ್ಲೇ ಇರಬೇಕು, ಕೆಲಸದ ಹೆಸರು ಮಾತ್ರ ಕನ್ನಡ ಲಿಪಿಯಲ್ಲಿರಬಹುದು. ಒಂದು ಕೆಲಸ ಇನ್ನೊಂದನ್ನು ಹುಡುಕುವುದು ಆ ಹೆಸರಿನಿಂದಲೇ. ‘ಬಿಲ್ಡ್’ ಎಂದು ಬರೆದಾಗ ಕೊನೆಯ ಅರ್ಧಾಕ್ಷರದ ನಂತರ ಅಗಲವಿಲ್ಲದ ಒಂದು ಯೂನಿಕೋಡ್ ಸಂಕೇತ ಸೇರಿಕೊಳ್ಳಬಹುದು. ಒಂದು ಕಡೆ ಅದು ಸೇರಿ ಇನ್ನೊಂದು ಕಡೆ ಸೇರದಿದ್ದರೆ, ಅಕ್ಷರಗಳ ರೂಪ ಒಂದೇ, ಗಣಕಕ್ಕೆ ಮಾತ್ರ ಅವು ಬೇರೆಬೇರೆ ಹೆಸರು. ಆಗ ನೆಚ್ಚಿದ ಕೆಲಸವೇ ಸಿಗಲಿಲ್ಲ ಎಂಬ ದೂರು ಬರುತ್ತದೆ. ಸ್ವರದಿಂದ ಮುಗಿಯುವ ಕಟ್ಟಣೆ, ತಪಾಸಣೆಗಳಲ್ಲಿ ಆ ಸಂಕೇತ ನುಸುಳುವ ಸಂದರ್ಭವೇ ಕಡಿಮೆ. ಕನ್ನಡ ಪದಕ್ಕೆ ಇದಕ್ಕಿಂತ ಪ್ರಾಯೋಗಿಕ ಸಮರ್ಥನೆ ನನಗೆ ಬೇರೆ ಸಿಕ್ಕಿಲ್ಲ.

ಹಾಗಾಗಿ ನನ್ನ ಪ್ರಶ್ನೆಗಳು ಇವು. ‘ಕಟ್ಟಣೆ’ಯನ್ನು ಕ್ರಿಯೆಗೂ ಅದರಿಂದ ಬಂದ ವಸ್ತುವಿಗೂ ಬಳಸಿದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಇಲ್ಲಾ ವಸ್ತುವಿಗೆ ಬೇರೆಯೇ ಪದ ಬೇಕೇ? ಮೈಸೂರು, ಮಂಗಳೂರಿನ ಕಡೆಯ ವಿದ್ಯಾರ್ಥಿಗಳಿಗೂ ‘ತಪಾಸಣೆ’ ಇಷ್ಟೇ ಸಲೀಸೇ, ಅಲ್ಲಿ ಬೇರೆ ಮಾತು ರೂಢಿಯಲ್ಲಿದೆಯೇ? ಯಾರಾದರೂ ಈಗಾಗಲೇ ಪಾಠದಲ್ಲೋ ಅನುವಾದದಲ್ಲೋ ಬಳಸಿದ್ದರೆ ಆ ವಾಕ್ಯಗಳನ್ನೇ ಕಳುಹಿಸಿ. ಬಿಡಿ ಪದಕ್ಕಿಂತ ವಾಕ್ಯದಲ್ಲಿ ಅದು ಹೇಗೆ ನಿಂತಿದೆ ಎಂಬುದನ್ನು ನೋಡಬೇಕಾಗಿದೆ.