ಜಾಝ್ ಟ್ರಾಂಬೋನಿಗೆ ಮೂರು ಲೀಡ್‌ಪೈಪ್ ಇವೆ, ಯಾವುದನ್ನು ಇಟ್ಟುಕೊಳ್ಳಲಿ?

ಕೋಡಿಬಾಗದ ಸ್ಲೈಡ್:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಹದಿನಾರು ವರ್ಷದಿಂದ ಟ್ರಾಂಬೋನ್ ಊದುತ್ತಿದ್ದೇನೆ. ಭಾನುವಾರ ಇಗರ್ಜಿಯಲ್ಲಿ, ಮದುವೆ ಸೀಸನ್ನಿನಲ್ಲಿ ಬ್ರಾಸ್ ಬ್ಯಾಂಡಿನಲ್ಲಿ. ಮಳೆ ಮುಗಿದ ಮೇಲೆ ಶನಿವಾರ ರಾತ್ರಿ ಕಾಣಕೋಣದ ಕಡೆ ಐದು ಜನರ ಜಾಝ್ ತಂಡದಲ್ಲಿ. ನನಗೆ ಜೀವ ಅಂದರೆ ಈ ಶನಿವಾರದ ಜಾಝೇ.

ಇಷ್ಟು ದಿನ ಮಾವನ ಹಳೇ ಟ್ರಾಂಬೋನ್ ಊದುತ್ತಿದ್ದೆ. ಅದರ ಲೀಡ್‌ಪೈಪ್, ಅಂದರೆ ಮೌತ್‌ಪೀಸ್ ಕೂರುವ ಮೊದಲ ಕೊಳವೆ, ಬೆಸುಗೆ ಹಾಕಿದ್ದು. ಒಳಗಡೆ ಕೆಂಪು ಚುಕ್ಕೆ ಬಂತು. ಹಿತ್ತಾಳೆಯಲ್ಲಿರುವ ಸತು ಹೋಗಿ ತಾಮ್ರ ಮಾತ್ರ ಉಳಿದಾಗ ಹಾಗಾಗುತ್ತದೆ. ನಮ್ಮ ಉಸಿರಿನ ತೇವ ಮೊದಲು ತಾಗುವುದೇ ಅಲ್ಲಿ. ರಿಪೇರಿಗೆ ಕೊಟ್ಟೆ. ಬಿಸಿ ಮಾಡಿ ಬೆಸುಗೆ ಬಿಡಿಸುವ ಬದಲು ಇಕ್ಕಳ ಹಾಕಿ ಎಳೆದರು. ಕೊಳವೆಯ ಬಾಯಿಯೇ ಸೊಟ್ಟಗಾಯಿತು. ಅದನ್ನು ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ.

ಈ ಮಳೆಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಬೋರ್ (ಹಿಂದೆ ಮುಂದೆ ಜಾರುವ ಸ್ಲೈಡಿನ ಕೊಳವೆಯ ಒಳ ಅಗಲ) 0.500 ಇಂಚು, ಅಂದರೆ 12.7 ಮಿ.ಮೀ. ಜಾಝಿಗೆ ಹೇಳಿ ಮಾಡಿಸಿದ ಅಳತೆ. ಲೀಡ್‌ಪೈಪನ್ನು ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಪೆಟ್ಟಿಗೆಯಲ್ಲಿ ಮೂರು ಇದ್ದವು, ಮೇಲೆ 1, 2, 3 ಅಂತ ಕೊರೆದಿದೆ. ಒಂದನೆಯದು ಬಿಗಿ, ಮೂರನೆಯದು ಸಡಿಲ. 1 ಮತ್ತು 2 ಹಳದಿ ಹಿತ್ತಾಳೆ, 3 ಬೆಳ್ಳಿ.

ಹೊಸಬರಿಗೆ ಒಂದು ಮಾತು. ಮೌತ್‌ಪೀಸ್ ಕೂರುವ ಜಾಗ ದಾಟಿದ ಮೇಲೆ ಪೈಪ್ ತೀರಾ ಕಿರಿದಾಗುವ ಒಂದು ಜಾಗ ಇದೆ. ಅದೇ ವೆಂಚುರಿ. ಅಲ್ಲಿಂದ ಮೆಲ್ಲಗೆ ಅಗಲವಾಗುತ್ತ ಸ್ಲೈಡಿನ ಕೊಳವೆಗೆ ಸೇರುತ್ತದೆ. ಬಿಗಿ, ಸಡಿಲ ಅನ್ನುವುದು ಈ ವೆಂಚುರಿಯ ಲೆಕ್ಕದಲ್ಲಿ.

ನನ್ನ ಅನುಭವ ಹೀಗಿದೆ. 1 ಹಾಕಿದರೆ ಮೇಲಿನ ಬಿ ಫ್ಲಾಟ್ ಕೇಳುವ ಮೊದಲೇ ಬರುತ್ತದೆ. ಸ್ವರ ಗಟ್ಟಿಯಾಗಿ ಕೂರುತ್ತದೆ. ಆದರೆ ಕೆಳಗಿನ ಸ್ವರಗಳು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ, ಜೋರಾಗಿ ಊದಿದರೆ ಚುರುಕ್ ಅನ್ನುತ್ತವೆ. 3 ಹಾಕಿದರೆ ಮನೆಯಲ್ಲಿ ಅದೆಷ್ಟು ಚೆಂದ! ಅಗಲ, ಮೃದು, ತುಂಬಿದ ಹಾಗೆ. ಆದರೆ ಮೊನ್ನೆ ಸಂಜೆ ಕಾಳಿ ಸಮುದ್ರ ಸೇರುವ ಕಡೆ ದಂಡೆಯಲ್ಲಿ ನಿಂತು ಊದಿದೆ. ಮುಕ್ಕಾಲು ಗಂಟೆಗೆ ತುಟಿ ಸೋತಿತು. 2 ನನಗೆ ಏನೂ ಅನಿಸಲಿಲ್ಲ. ಸಪ್ಪೆ.

ಇನ್ನೊಂದು ವಿಷಯ. ಮೌತ್‌ಪೀಸ್ ಒಂದೇ, ಬಾಕ್ 6½ಎಎಲ್. ಆದರೆ ಪೈಪಿನೊಳಗೆ ಇಳಿಯುವ ಆಳ ಬೇರೆ ಬೇರೆ. ಸ್ಕೇಲ್ ಇಟ್ಟು ನೋಡಿದೆ. 1ರಲ್ಲಿ 22 ಮಿ.ಮೀ., 2ರಲ್ಲಿ 25, 3ರಲ್ಲಿ 29. ಇದರಿಂದ ತೊಂದರೆ ಉಂಟಾ?

ಶನಿವಾರಕ್ಕೆ 1, ಇಗರ್ಜಿಗೆ 3 ಅಂತ ಬದಲಿಸುತ್ತ ಇರಲೋ? ಅಥವಾ ಒಂದನ್ನೇ ಹಿಡಿಯಲೋ? ಸೀಸನ್ ಶುರುವಾಗುವುದರೊಳಗೆ ತೀರ್ಮಾನ ಮಾಡಬೇಕು.

ಬೈತಖೋಲ್ ಬ್ಯಾಂಡ್‌ಮನ್:

ತಮ್ಮಾ, ನಾನು ನೌಕಾಪಡೆಯ ಬ್ಯಾಂಡಿನಲ್ಲಿ ಬಹಳ ವರ್ಷ ಊದಿ ನಿವೃತ್ತಿಯಾದವನು. ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಸ್ಕೇಲ್ ಇಟ್ಟು ಅಳೆದೆಯಲ್ಲ, ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮೊದಲು ಆ ಆಳದ ವಿಷಯ. ಸುಮಾರು ಒಂದು ಇಂಚು ಇಳಿಯುವುದು ವಾಡಿಕೆ. ನಿನ್ನ 2 ಅಲ್ಲೇ ಇದೆ. 1ಕ್ಕೂ 3ಕ್ಕೂ ನಡುವೆ 7 ಮಿ.ಮೀ. ವ್ಯತ್ಯಾಸ. ಮೌತ್‌ಪೀಸ್ ಒಳಗೆ ಹೋದಷ್ಟು ಕೊಳವೆ ಗಿಡ್ಡವಾಗಿ ಶ್ರುತಿ ಸ್ವಲ್ಪ ಏರುತ್ತದೆ. 3 ಹಾಕಿದಾಗ ಟ್ಯೂನಿಂಗ್ ಸ್ಲೈಡನ್ನು, ಅಂದರೆ ಶ್ರುತಿ ಹೊಂದಿಸುವ ಬಾಗಿದ ಕೊಳವೆಯನ್ನು, ಮೂರೂವರೆ ಮಿ.ಮೀ. ಹೊರಗೆ ಎಳೆ. ಅದಕ್ಕೆ ಎರಡು ಕಾಲು ಇವೆಯಲ್ಲ, ಎಳೆದದ್ದರ ದುಪ್ಪಟ್ಟು ಉದ್ದ ಸಿಗುತ್ತದೆ. ಪೈಪ್ ಬದಲಿಸಿದಾಗ ಶ್ರುತಿ ಸರಿ ಮಾಡಿಕೊಂಡೆಯಾ? ಮಾಡದಿದ್ದರೆ ನಿನ್ನ ಹೋಲಿಕೆ ಪೂರ್ತಿ ಸರಿಯಲ್ಲ. ಶ್ರುತಿ ಸ್ವಲ್ಪ ಏರಿದ್ದನ್ನು ಕಿವಿ ಹೊಳಪು ಅಂತಲೇ ತಿಳಿಯುತ್ತದೆ.

ಎರಡನೆಯದು, ನೀನು ಪರೀಕ್ಷೆ ಮಾಡಿದ ಜಾಗ. ಮನೆಯ ಸಣ್ಣ ಕೋಣೆಯಲ್ಲಿ ಗೋಡೆ ಸದ್ದನ್ನು ವಾಪಸ್ ಕೊಡುತ್ತದೆ. ಅಲ್ಲಿ ಸಡಿಲ ಪೈಪ್ ಚೆಂದ ಕೇಳುತ್ತದೆ. ದಂಡೆಯಲ್ಲಿ ವಾಪಸ್ ಬರುವುದು ಏನೂ ಇಲ್ಲ, ಅಲೆಯ ಸದ್ದು ಬೇರೆ. ಕೇಳಿಸಲಿಲ್ಲ ಅಂತ ನೀನು ಇನ್ನೂ ಜೋರು ಮಾಡಿದೆ, ತುಟಿ ಸೋತಿತು. ಎರಡೂ ಕಡೆ ನೀನು ಕೇಳಿದ್ದು ಬೆಲ್ಲಿನ (ಸದ್ದು ಹೊರಬರುವ ಅಗಲ ಬಾಯಿಯ) ಹಿಂದೆ ನಿಂತು. ಟ್ರಾಂಬೋನಿನ ಚೂಪಾದ ಧ್ವನಿಯೆಲ್ಲ ಬೆಲ್ಲಿನ ಮುಂದೆ ನೇರವಾಗಿ ಹೋಗುತ್ತದೆ. ಊದುವವನಿಗೆ ಅದು ಅರ್ಧವೂ ಸಿಗುವುದಿಲ್ಲ. ನಿನಗೆ ಸಪ್ಪೆ ಅನಿಸಿದ 2 ಎದುರಿಗೆ ಕೂತವರಿಗೆ ಸಪ್ಪೆಯೇ ಅಂತ ಹೇಗೆ ಹೇಳುತ್ತೀ?

ಹೀಗೆ ಮಾಡು. ಒಂದು ಹಾಲ್ ಹಿಡಿ. ಮನೆಯವರು ಯಾರಾದರೂ ಪೈಪ್ ಬದಲಿಸಿ ಕೊಡಲಿ, ಯಾವುದು ಅಂತ ನಿನಗೆ ಹೇಳಬಾರದು, ನೀನೂ ಬಗ್ಗಿ ನೋಡಬಾರದು. ಇಪ್ಪತ್ತು ಅಡಿ ದೂರದಲ್ಲಿ ಇನ್ನೊಬ್ಬರು ಕೂತು ಕೇಳಲಿ. ಪ್ರತಿ ಪೈಪಿನಲ್ಲೂ ಅದೇ ನಾಲ್ಕು ಕೆಲಸ ಮಾಡು. ಮೇಲಿನ ಬಿ ಫ್ಲಾಟನ್ನು ಪಿಸುಮಾತಿನಷ್ಟು ಮೆಲ್ಲಗೆ ಶುರು ಮಾಡು. ಒಂದನೇ ಪೊಸಿಷನ್ನಿನಲ್ಲಿ, ಅಂದರೆ ಸ್ಲೈಡ್ ಪೂರ್ತಿ ಒಳಗಿದ್ದಾಗ, ಡಿ, ಎಫ್ ಎರಡನ್ನೂ ಟ್ಯೂನರ್ ಇಟ್ಟು ನೋಡು. ಡಿ ಸ್ವಲ್ಪ ಇಳಿದಿರುತ್ತದೆ, ಎಫ್ ಏರಿರುತ್ತದೆ, ಅದು ಟ್ರಾಂಬೋನಿನ ಹುಟ್ಟುಗುಣ. ಯಾವ ಪೈಪಿನಲ್ಲಿ ಆ ಅಂತರ ಕಡಿಮೆ ಅಂತ ಬರೆದುಕೋ. ಆಮೇಲೆ ಬೆಲ್ಲಿನ ಬಾಯಿಗೆ ಸಿಕ್ಕಿಸುವ ಕಪ್ ಮ್ಯೂಟ್ ಹಾಕಿ ಊದು. ಮ್ಯೂಟ್ ತಾನೇ ಉಸಿರನ್ನು ತಡೆಯುತ್ತದೆ, ಬಿಗಿ ಪೈಪಿನ ಜೊತೆ ಅದು ಕೆಲವರಿಗೆ ಜಾಸ್ತಿಯಾಗುತ್ತದೆ. ಕೊನೆಗೆ, ಒಂದು ಗಂಟೆ ಬೇರೆ ಏನಾದರೂ ನುಡಿಸಿ ತುಟಿ ದಣಿದ ಮೇಲೆ ಇದನ್ನೆಲ್ಲ ಇನ್ನೊಮ್ಮೆ. ನಿನಗೆ ಪೈಪ್ ಬೇಕಾಗಿರುವುದು ಮೂರನೇ ಸೆಟ್ಟಿಗೆ, ಮೊದಲನೇ ಹತ್ತು ನಿಮಿಷಕ್ಕಲ್ಲ.

ವಾರವಾರ ಬದಲಿಸಬೇಡ. ಪ್ರತಿ ಪೈಪಿನಲ್ಲೂ ಸ್ವರ ಕೂರುವ ಜಾಗ ಕೂದಲೆಳೆ ಬೇರೆ. ಕೈಗೂ ತುಟಿಗೂ ಗೊಂದಲ.

ಶಿರಸಿ ಕ್ಲಾರಿನೆಟ್:

ನನಗೆ ಟ್ರಾಂಬೋನ್ ಗೊತ್ತಿಲ್ಲ ರೀ. ನಾನು ಕ್ಲಾರಿನೆಟ್, ಮಾರಿಕಾಂಬಾ ಜಾತ್ರೆಯಲ್ಲಿ ಬ್ಯಾಂಡಿನ ಜೊತೆ ಊದುತ್ತೇನೆ. ರೀಡ್ (ಬಾಯಲ್ಲಿಟ್ಟು ಊದುವ ಕಡೆಯ ತೆಳು ಪಟ್ಟಿ) ಆರಿಸುವಾಗ ನಮಗೂ ಇದೇ ಕಥೆ. ಮೆತ್ತನೆಯ ರೀಡ್ ಅಂಗಡಿಯಲ್ಲಿ ಬಲು ಸುಲಭ ಅನಿಸುತ್ತದೆ, ರಸ್ತೆಯಲ್ಲಿ ಡೋಲಿನ ಪಕ್ಕ ನಿಂತರೆ ಸದ್ದೇ ಇಲ್ಲ. ಬ್ಯಾಂಡ್‌ಮನ್ ಅವರು ಹೇಳಿದ ಹಾಗೆ ದಣಿದ ಮೇಲೆ ನೋಡುವುದೇ ಸರಿ. ಬೆಳ್ಳಿ ಪೈಪಿನ ಧ್ವನಿ ನಿಜವಾಗಿಯೂ ಬೇರೆಯಾ?

ಬೈತಖೋಲ್ ಬ್ಯಾಂಡ್‌ಮನ್:

ಒಳಗಿನ ಆಕಾರವೇ ಮುಖ್ಯ ಮಾರಾಯ್ರೇ. ವೆಂಚುರಿ ಎಷ್ಟು, ಎಷ್ಟು ನಿಧಾನವಾಗಿ ಅಗಲವಾಗುತ್ತದೆ, ಪೈಪ್ ಎಷ್ಟು ಉದ್ದ, ಇವು ಮೊದಲು. ಲೋಹ ಆಮೇಲೆ. ಇವರ 3 ಸಡಿಲವೂ ಹೌದು, ಬೆಳ್ಳಿಯೂ ಹೌದು. ಹಾಗಾಗಿ ಆ ಮೃದು ಬೆಳ್ಳಿಯಿಂದ ಬಂತು ಅಂತ ಹೇಳಲಾಗದು. ಒಂದೇ ಅಳತೆಯ ಎರಡು ಪೈಪ್ ಇದ್ದರೆ ಮಾತ್ರ ಆ ಮಾತು.

ಕುಮಟಾದವಳು:

ನಾನು ಟ್ರಂಪೆಟ್. ಒಂದೇ ಕಿವಿಮಾತು. ಯಾವುದನ್ನೇ ಇಟ್ಟುಕೊಳ್ಳಿ, ತೆಗೆದಿಟ್ಟ ಎರಡನ್ನು ಒರೆಸಿ, ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ಬೇಗ ಹಸಿರು ಹಿಡಿಯುತ್ತದೆ. ಹಾಕಿರುವ ಪೈಪನ್ನೂ ತಿಂಗಳಿಗೆ ಒಮ್ಮೆ ತೆಗೆಯಿರಿ, ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ ಹಾಕಿ, ತಿರುಪಿಗೆ ಚೂರು ಗ್ರೀಸ್ ಸವರಿ. ಇಲ್ಲದಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಇಕ್ಕಳದ ಕಥೆಯೇ.

ಕೋಡಿಬಾಗದ ಸ್ಲೈಡ್:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಉಪಕಾರ.

ಕಾಜುಬಾಗದಲ್ಲಿ ಪರಿಚಯದವರ ಹಾಲ್ ಒಂದು ಮಧ್ಯಾಹ್ನಕ್ಕೆ ಸಿಕ್ಕಿತು. ಹೊರಗೆ ಧೋ ಅಂತ ಮಳೆ. ಪೈಪ್ ಬದಲಿಸಿದ್ದು ತಂಗಿ. ದೂರದಲ್ಲಿ ಕೂತು ಕೇಳಿದ್ದು ಮಾವ. ಅವರಿಗೆ ಈಗ ಹಲ್ಲಿಲ್ಲ, ಊದಲು ಆಗುವುದಿಲ್ಲ. ಕಿವಿ ಮಾತ್ರ ಮೊದಲಿನ ಹಾಗೇ ಇದೆ. ಪ್ರತಿ ಸಲ ಶ್ರುತಿ ಸರಿ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ದಂಡೆಯಲ್ಲಿ ಆ ದಿನ ಮಾಡಿಕೊಂಡಿರಲಿಲ್ಲ.

ಮಾವ ಆರು ಸುತ್ತಿನಲ್ಲಿ ಐದು ಸಲ ಒಂದೇ ಪೈಪಿಗೆ ಕೈ ಎತ್ತಿದರು. ಅದು 2. ನಾನು ಸಪ್ಪೆ ಅಂದದ್ದು! 1 ಊದಿದಾಗ ಅವರು ಕಣ್ಣು ಕಿರಿದು ಮಾಡಿದರು, ಧ್ವನಿ ತಂತಿಯ ಹಾಗೆ ಕೊರೆಯುತ್ತದೆ ಅಂದರು. 3 ಮೊದಲ ಸುತ್ತಿನಲ್ಲಿ ಅವರಿಗೂ ಹಿಡಿಸಿತ್ತು. ತುಟಿ ದಣಿದ ಮೇಲೆ ನನ್ನ ಸ್ವರದ ಶುರುವೇ ಮಸುಕಾಯಿತಂತೆ. ಟ್ಯೂನರಿನಲ್ಲೂ ಡಿ ಮತ್ತು ಎಫ್ ಹತ್ತಿರ ಬಂದದ್ದು 2ರಲ್ಲೇ.

ನಾಲ್ಕು ದಿನದಿಂದ ಅದನ್ನೇ ಊದುತ್ತಿದ್ದೇನೆ. ನಿನ್ನೆ ಒಂದು ಗಂಟೆ ಹತ್ತು ನಿಮಿಷ ಆದಮೇಲೆ ಮೇಲಿನ ಬಿ ಫ್ಲಾಟ್ ಮೆಲ್ಲಗೆ ಬಂದು ನಿಂತಿತು. ಒಳಗಿನ ಕೋಣೆಯಿಂದ ಮಾವ "ಹಾಂ, ಅದೇ" ಅಂದರು.

ಕಪ್ ಮ್ಯೂಟ್ ಮಾತ್ರ ಇನ್ನೂ ನೋಡಿಲ್ಲ. ನನ್ನದರ ಕಾರ್ಕ್ ಉದುರಿದೆ. ಹೊಸ ಕಾರ್ಕ್ ಅಂಟಿಸಿ, ಒಣಗಿದ ಮೇಲೆ ಊದಿ ನೋಡಿ ಬರೆಯುತ್ತೇನೆ.