ಎನ್‌ಟಾಪ್‌ಎನ್‌ಜಿ ಕಂಪೈಲ್ ಅರ್ಧಕ್ಕೆ ‘ಕಿಲ್ಡ್’ ಅಂತ ನಿಲ್ತದೆ, ಏನ್ ಮಾಡೋದು?

ಪ್ರಶ್ನೆ (ಶಿರಸಿ): ನಮ್ಮ ಅಡಿಕೆ ವ್ಯಾಪಾರದ ಆಫೀಸಲ್ಲಿ 18 ಕಂಪ್ಯೂಟರ್. ಸರಿಯಾಗಿ ಟೆಂಡರ್ ಹೊತ್ತಿಗೇ ನೆಟ್ ತೆವಳ್ತದೆ. ಯಾರು ಎಳೀತಿದ್ದಾರೆ ನೋಡೋಣ ಅಂತ 2 ಜಿಬಿ ರ‍್ಯಾಮಿನ ಹಳೇ ಡಬ್ಬಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ನೆಟ್‌ವರ್ಕಲ್ಲಿ ಯಾರು ಎಷ್ಟು ಡೇಟಾ ಬಳಸ್ತಾರೆ ಅಂತ ತೋರಿಸೋ ಎನ್‌ಟಾಪ್‌ಎನ್‌ಜಿ ಸೋರ್ಸ್ ಕೋಡ್ ಇಳಿಸಿದೆ. ಮೊದಲು ಎನ್‌ಡಿಪಿಐ (ಡೇಟಾ ಯಾವ ಆ್ಯಪಿನದ್ದು ಅಂತ ಗುರುತಿಸೋ ಲೈಬ್ರರಿ) ಇಲ್ಲ ಅಂತು, ತಂದು ಹಾಕಿದೆ. ಈಗ ಮೇಕ್ (ಕಂಪೈಲ್ ನಡೆಸೋ ಕಮಾಂಡ್) ‘ಕಿಲ್ಡ್’ ಅಂತ ನಿಲ್ತದೆ. ನಡುವೆ ಕರೆಂಟೂ ಹೋಯ್ತು. ಮತ್ತೆ ಮೊದಲಿಂದ ಮಾಡಬೇಕಾ?

ಉತ್ತರ (ಕಾರವಾರ, ನೆಟ್‌ವರ್ಕ್ ಕೆಲಸ): ಹೆಗಡೇರೆ, ರೆಡಿ ಪ್ಯಾಕೇಜ್ ಇದೆ, ಅದನ್ನೇ ಹಾಕಬಹುದಿತ್ತು. ಇರ್ಲಿ, ಕೈ ಹಾಕಿದ್ದೀರಿ. ಕೋಡಲ್ಲಿ ತಪ್ಪಿಲ್ಲ, ರ‍್ಯಾಮ್ ಖಾಲಿಯಾಗಿದೆ. ಮೇಕ್‌ಗೆ ‘ಜೆ4’ ಕೊಟ್ಟಿರ್ತೀರಿ. ನಾಲ್ಕು ಸಿ ಪ್ಲಸ್ ಪ್ಲಸ್ ಫೈಲು ಒಟ್ಟಿಗೇ ಏರಿದ್ರೆ 2 ಜಿಬಿ ಎಲ್ಲಿ ಸಾಕು? ಸಿಸ್ಟಮ್ಮಿನ ತಿರುಳಾದ ಕರ್ನಲ್ಲೇ ಕಂಪೈಲರನ್ನ ಕೊಲ್ತದೆ. 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕಿನ ಜಾಗ) ಮಾಡ್ಕೊಂಡು ಬರೀ ಮೇಕ್ ಕೊಟ್ಟು ಮನೆಗೆ ಹೋಗಿ.

ಮೊದಲಿಂದ ಬೇಡ. ಮೇಕ್ ಆಗಿದ್ದನ್ನ ಬಿಟ್ಟು ಮುಂದಿನದ್ದು ಹಿಡೀತದೆ. ಆದ್ರೆ ಕರೆಂಟ್ ಹೋದ ಗಳಿಗೆಯಲ್ಲಿ ಬರೀತಿದ್ದ ಆಬ್ಜೆಕ್ಟ್ ಫೈಲು (ಕಂಪೈಲಾದ ಒಂದು ತುಂಡು) ಕೆಲವೊಮ್ಮೆ ಸೊನ್ನೆ ಬೈಟಾಗಿ ಉಳಿದಿರ್ತದೆ. ತುಂಡುಗಳನ್ನ ಜೋಡಿಸೋ ಲಿಂಕ್ ಹೊತ್ತಿಗೆ ‘ಫೈಲ್ ಟ್ರಂಕೇಟೆಡ್’ ಅಂದ್ರೆ ಅದೊಂದನ್ನ ಅಳಿಸಿ ಮತ್ತೆ ಮೇಕ್ ಕೊಡಿ.

ಎನ್‌ಡಿಪಿಐ ಫೋಲ್ಡರ್ ಎನ್‌ಟಾಪ್‌ಎನ್‌ಜಿಯ ಪಕ್ಕದಲ್ಲಿರಬೇಕು, ಒಳಗಲ್ಲ. ಅದನ್ನೇ ಮೊದಲು ಕಂಪೈಲ್ ಮಾಡಿ. ಒಂದು ಸ್ಟೇಬಲ್, ಇನ್ನೊಂದು ಡೆವ್ (ಇನ್ನೂ ಬೆಳೀತಿರೋ) ಬ್ರಾಂಚ್ ಆದ್ರೆ ಎರಡಕ್ಕೂ ಹೊಂದೋದಿಲ್ಲ. ನೆಟ್‌ವರ್ಕ್ ಡೇಟಾ ಹಿಡಿಯೋ ಲಿಬ್‌ಪಿಕ್ಯಾಪ್ ಬರೀ ಇದ್ರೆ ಸಾಲದು, ಕಂಪೈಲಿಗೆ ಅದರ ಡೆವ್ ಪ್ಯಾಕೇಜ್ ಬೇಕು. ಡೇಟಾ ಇಟ್ಕೊಳ್ಳೋ ರೆಡಿಸ್ ಓಡ್ತಿರಬೇಕು. ಆಮೇಲೆ ಬ್ರೌಸರಲ್ಲಿ ಈ ಡಬ್ಬದ ಐಪಿಯ 3000ನೇ ಪೋರ್ಟ್ ತೆರೀರಿ.

ಪ್ರಶ್ನೆ (ಶಿರಸಿ): ಬೆಳಿಗ್ಗೆ ಬಂದು ನೋಡಿದ್ರೆ ಮುಗಿದಿತ್ತು! ಆದ್ರೆ ಪರದೆ ತುಂಬಾ ಈ ಡಬ್ಬದ್ದೇ ಐಪಿ. ಉಳಿದ 17 ಎಲ್ಲಿ?

ಉತ್ತರ (ಕಾರವಾರ): ಇಲ್ಲೇ ಎಲ್ಲರೂ ಸಿಕ್ಕಿಬೀಳೋದು ಮಾರಾಯ್ರೆ. ಸ್ವಿಚ್ಚು ಪೋಸ್ಟ್‌ಮ್ಯಾನ್ ಇದ್ದಂಗೆ, ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹಾಕೋದಿಲ್ಲ. ನಿಮ್ಮ ಡಬ್ಬಕ್ಕೆ ಬೇರೆಯವರ ಪ್ಯಾಕೆಟ್ ಬರೋದೇ ಇಲ್ಲ, ಟೂಲ್ ಎಷ್ಟೇ ಜಾಣ ಆದ್ರೂ ಏನು ನೋಡೀತು? ಪೋರ್ಟ್ ಮಿರರಿಂಗ್ ಇರೋ ಸ್ವಿಚ್ ತನ್ನಿ. ರೂಟರ್‌ಗೆ ಹೋಗೋ ಪೋರ್ಟಿನ ನಕಲು ನಿಮ್ಮ ಡಬ್ಬದ ಪೋರ್ಟಿಗೆ ಬರೋ ಹಾಗೆ ಸೆಟ್ ಮಾಡಿ. ವೈಫೈ ನೇರ ರೂಟರಿಂದಲೇ ಹೋಗ್ತಿದ್ರೆ ಅದು ಮಾತ್ರ ಕಾಣೋದಿಲ್ಲ.

ಪ್ರಶ್ನೆ (ಶಿರಸಿ): ಸ್ವಿಚ್ ತಂದೆ, ಕಳ್ಳ ಸಿಕ್ಕಿದ. ಮನುಷ್ಯರೇ ಅಲ್ಲ, ಗೋದಾಮಿನ ಕ್ಯಾಮೆರಾದ ರೆಕಾರ್ಡರ್! ಇಡೀ ದಿನ ಕ್ಲೌಡಿಗೆ ವಿಡಿಯೋ ಕಳಿಸ್ತಿದೆ. ಆದ್ರೆ ಅದು ಅಪ್‌ಲೋಡ್ ಅಲ್ವಾ?

ಉತ್ತರ (ಕಾರವಾರ): ನೀವು ಇಳಿಸ್ಕೊಳ್ಳೋ ಡೇಟಾಕ್ಕೂ ‘ಮುಟ್ಟಿತು’ ಅಂತ ಉತ್ತರ ಮೇಲೆ ಹೋಗ್ತಿರಬೇಕು. ಆ ದಾರಿ ತುಂಬಿದ್ರೆ ಡೌನ್‌ಲೋಡೂ ಕುಂಟ್ತದೆ. ರೆಕಾರ್ಡರಿನ ಅಪ್‌ಲೋಡನ್ನ ರಾತ್ರಿಗೆ ಇಟ್ಟುಬಿಡಿ.

ಪ್ರಶ್ನೆ (ಹೊನ್ನಾವರ): ನಡುವೆ ಬಾಯಿ ಹಾಕ್ತೆ. ಇದರಲ್ಲಿ ಹುಡುಗರ ವಾಟ್ಸಾಪ್ ಓದ್ಲಿಕ್ಕೆ ಬರ್ತದಾ?

ಉತ್ತರ (ಕಾರವಾರ): ಇಲ್ಲ. ವಾಟ್ಸಾಪಿಗೆ ಎಷ್ಟು ಡೇಟಾ ಹೋಯ್ತು ಅಂತ ಕಾಣ್ತದೆ, ಒಳಗಿನ ಮಾತು ಕಾಣೋದಿಲ್ಲ. ಅಷ್ಟು ನೋಡೋದಿದ್ರೂ ಹುಡುಗರಿಗೆ ಮೊದಲೇ ಹೇಳಿಬಿಡಿ.